ರಾಣಿಯ ಅಳು

ಕಣ್ಣಿಗೆ ಔಷಧಿ ಬಿಡಿಸಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕಣ್ಣುಮುಚ್ಚಿ ಕೂತಿದ್ದ ದರ್ಜಿಗೆ ಕಿವಿಯೇ ಗತಿ. ಪಕ್ಕದಲ್ಲಿ ನಾಟಕದ ಮುದಿ ನಟಿ. ಅವಳ ಬೆನ್ನುಹತ್ತಿ ಬಂದವನು ಅವಳು ರಾಣಿಯ ಪಾರ್ಟು ಮಾಡುತ್ತಿದ್ದ ಹಳೇ ದುರಂತ ನಾಟಕವನ್ನು ಸಿನಿಮಾ ಮಾಡಹೊರಟ ನಿರ್ದೇಶಕ.

“ಮುಖ ಹೊಸ ಹುಡುಗೀದು ಅಮ್ಮಾ. ಮಗನ ಹೆಣ ನೋಡಿ ರಾಣಿ ಅಳ್ತಾಳಲ್ಲ, ಆ ದನಿ ಮಾತ್ರ ನಿಮ್ಮದೇ ಬೇಕು.”

“ಮೂವತ್ತು ವರ್ಷ ಆ ಪಾರ್ಟು ಮಾಡ್ದೆ ಕಣಪ್ಪಾ. ಒಂದಿನಾನೂ ಅತ್ತಿಲ್ಲ. ಹೆಣದ ಮುಂದೆ ಸುಮ್ನೆ ಕೂತಿರ್ತಿದ್ದೆ.”

“ಛೇ, ಚಿಕ್ಕೋನಿದ್ದಾಗ ನಾನೇ ಕೇಳಿದೀನಿ. ಇವತ್ತಿಗೂ ಕಿವೀಲಿದೆ.”

“ಯಾರ ಜೊತೆ ಬಂದಿದ್ದೆ?”

“ಅಮ್ಮನ ಜೊತೆ.”

“ಹಾಗಾದ್ರೆ ಅತ್ತಿದ್ದು ಅವರು. ಅವರನ್ನೇ ಕರ್ಕೊಂಡು ಹೋಗು.”

“ಅಮ್ಮ ತೀರ್ಕೊಂಡು ಎರಡು ವರ್ಷ ಆಯ್ತು.”

“ಅವತ್ತು ನೀನಾದ್ರೂ ಅತ್ತ್ಯಾ?”

“ಶೂಟಿಂಗ್ ಇತ್ತು.”

ಒಳಗಿನಿಂದ ನಟಿಯ ಹೆಸರು ಕೂಗಿದರು. ಅವಳ ಚಪ್ಪಲಿಯ ಸದ್ದು ಒಳಗೆ ಹೋಯಿತು. ನಿರ್ದೇಶಕ ಫೋನಿನಲ್ಲಿ ಮಾತಾಡುತ್ತಲೇ ಬಾಗಿಲ ಕಡೆ ನಡೆದ:

“ಮುದುಕಿ ಆಗಲ್ಲ ಅಂದ್ಳು. ಅಳೋಕೆ ಬೇರೆ ಯಾರನ್ನಾದ್ರೂ ನೋಡ್ರಿ.”