ಬಾವಿಯ ಬದಲು ಶಾಲೆ

ಹಾನಗಲ್ ತಾಲ್ಲೂಕು ಕಚೇರಿಯ ಕಟ್ಟೆಯಲ್ಲಿ ಸರದಿಗೆ ಕಾಯುತ್ತಿದ್ದ ಚನ್ನವೀರಪ್ಪನ ಪಕ್ಕದಲ್ಲೇ ಯಂಕವ್ವ ಮತ್ತು ಅವಳ ತಮ್ಮ ಉಳಿವೆಪ್ಪ ಮಾತಾಡುತ್ತಿದ್ದರು.

“ಯಕ್ಕಾ, ಕಾಲುವಿ ತೋಡಾಕ ಸಿಡಿಸಿದ ಮದ್ದಿಗೆ ನಮ್ಮೂರ ಬಾವಿ ಸೀಳಿತಲ್ಲ, ಅದಕ್ಕ ಸರ್ಕಾರ ಪರಿಹಾರ ಅಂತ ಸಾಲಿ ಕಟ್ಟಿಸಿ ಕೊಡತೈತಿ.”

“ಬಾವಿ ಒಡದವ್ರು ಬಾವಿ ಬಿಟ್ಟು ಸಾಲಿ ಯಾಕ ಕೊಡ್ತಾರ?”

“ನೀ ಪಂಚಾಯ್ತಿ ಮೆಂಬರು, ಸುಮ್ಮನ ಈ ಕಾಗದಕ್ಕ ಹೆಬ್ಬೆಟ್ಟು ಒತ್ತಿಬಿಡು.”

“ಸಾಲಿ ಅನ್ನಾಕ ಎರಡು ಹಾಳಿ ಬೇಕೇನು? ನೀ ಓದಿಸಿ ಕೇಳೀಯೇನು?”

“ಇಲ್ಲ.”

ಚನ್ನವೀರಪ್ಪ ಅವಳ ಕೈಯಲ್ಲಿದ್ದ ಕಾಗದದತ್ತ ಕಣ್ಣು ಹಾಯಿಸಿದ.

“ಅವ್ವಾರ, ಒತ್ತಬ್ಯಾಡ್ರಿ. ಬಾವಿ ತಕರಾರು ಬಿಟ್ಟೇವಿ ಅಂತ ಕಡೀಕ ಬರದೈತಿ,” ಎಂದ.

ಯಂಕವ್ವ ತಟ್ಟನೆ ಕಾಗದವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

“ನೀವು ಯಾರ ಕಡಿಯವ್ರು?” ಎಂದು ಕೇಳಿದಳು. ಉತ್ತರಕ್ಕೂ ಕಾಯದೆ, ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಬಿಗಿಹಿಡಿದು, ತಮ್ಮನನ್ನು ಕರೆದುಕೊಂಡು ಕಟ್ಟೆಯಿಳಿದು ನಡೆದಳು.