ನಾಲ್ಕನೇ ಶನಿವಾರದ ಸೌನಾ

ಹಲೋ... ಹಾಂ, ಹೆಲ್ಮಿನೇ. ಯಾರು ಮಾತಾಡ್ತಿರೋದು?... ಸಿರ್ಕಾ? ನೀನಾ. ನಾದಿನಿ ದನಿನೇ ಗುರುತು ಸಿಗ್ಲಿಲ್ಲ ನೋಡು ನಂಗೆ.

...

ಇಲ್ಲ ಕಣೇ, ಅವನಿಗೆ ಫೋನ್ ಕೊಡೋಕಾಗಲ್ಲ. ನಿಮ್ಮಣ್ಣ ಹೋಗ್ಬಿಟ್ಟ... ಹೋಗ್ಬಿಟ್ಟ, ಸಿರ್ಕಾ. ಓಲವಿ ಇನ್ನಿಲ್ಲ. ಅರ್ಧ ಗಂಟೆ ಆಯ್ತು. ಅಡುಗೆಮನೆ ಕಿಟಕಿ ಪಕ್ಕದ ಕುರ್ಚೀಲೇ.

...

ನೋಡ್ದೆ. ನಾಡಿ ನೋಡ್ದೆ, ಮೂಗಿನ ಹತ್ರ ಕೈ ಹಿಡಿದೆ. ನರ್ಸ್‌ಗೆ ಹೇಳಿದೀನಿ. ರಸ್ತೆ ತುಂಬ ಹಿಮ, ಒಂದು ಗಂಟೆ ಆಗುತ್ತಂತೆ.

...

ಏನು?... ಹೌದು, ಹಚ್ಚಿದ್ದೆ. ಹಿತ್ತಲ ಸೌನಾದಲ್ಲಿ, ಆ ಬಿಸಿಹಬೆ ಸ್ನಾನದ ಕೋಣೇಲಿ, ಒಲೆ ಹಚ್ಚಿದ್ದೆ. ಆದ್ರೆ ಒಳಗೆ ಕರ್ಕೊಂಡು ಹೋಗಿಲ್ಲ! ಕೇಳಿಸ್ತಾ? ಹೊಸ್ತಿಲು ಕೂಡ ದಾಟಿಲ್ಲ ಅವನು.

...

ಕೂಗಾಡ್ಬೇಡ. ಮೂರು ಶನಿವಾರ ನೀನು ಹೇಳಿದ ಹಾಗೇ ಕೇಳ್ದೆ ಅಲ್ವಾ? ಆಸ್ಪತ್ರೇಲಿ ಮೂವತ್ತು ವರ್ಷ ದುಡಿದವಳು ನೀನು. ಡಾಕ್ಟ್ರೂ ಬೇಡ ಅಂದಿದ್ರು. ಆ ಬಿಸಿ ಅವನ ಹೃದಯ ತಡ್ಕೊಳಲ್ಲ ಅಂದ್ರಿ, ಸರಿ ಅಂದೆ. ಸೌನಾಗೆ ಬೀಗ ಹಾಕಿ ಕೀಲಿ ಜೇಬಲ್ಲಿ ಇಟ್ಕೊಂಡೆ. 'ಏನು ಜೈಲರಮ್ಮ, ಇವತ್ತಾದ್ರೂ ಬಿಡುಗಡೆ ಉಂಟಾ?' ಅಂತಿದ್ದ. ನಾನು ಬಿಪಿ ಬರೆದ ಚೀಟಿ ತೋರಿಸ್ತಿದ್ದೆ. ಐವತ್ತು ವರ್ಷದಲ್ಲಿ ಒಂದು ಶನಿವಾರಾನೂ ಸೌನಾ ತಪ್ಪಿಸದವನು ಕಣೇ. ಒದ್ದೆ ಬಟ್ಟೇಲಿ ಮೈ ಒರೆಸಿಸ್ಕೊಂಡು ಗೋಡೆ ಕಡೆ ತಿರುಗಿ ಮಲಗ್ತಿದ್ದ.

...

ಇವತ್ತು ನಾಲ್ಕನೇ ಶನಿವಾರ. ಬೆಳಿಗ್ಗೆ ಅತ್ತ. ತಮಾಷೆ ಇಲ್ಲ, ಜಗಳ ಇಲ್ಲ, ಸುಮ್ನೆ ಅತ್ತ. ಹೋಗಿ ಬೀಗ ತೆಗೆದೆ... ಹಾಂ, ಯೋಚನೆ ಮಾಡ್ದೆ. ಮಾಡ್ದೆ ಇರ್ತೀನಾ? ಬಿಸಿ ಕಮ್ಮಿ ಇರೋ ಕೆಳಗಿನ ಹಲಗೆ ಮೇಲೆ ಕೂರಿಸೋಣ, ಐದೇ ನಿಮಿಷ, ಬಾಗಿಲು ತೆಗೆದೇ ಇರ್ಲಿ, ಕಾದ ಕಲ್ಲಿನ ಮೇಲೆ ನೀರು ಹಾಕೋದೇ ಬೇಡ ಅಂತ. ಬೆಂಕಿನೂ ಸಣ್ಣಗೇ ಇಟ್ಟೆ. ಒಂದೊಂದೇ ಸೌದೆ. ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು ಅನ್ನೋ ಬುದ್ಧಿ ನಂದು.

...

ಅದೇ ಆಗಿದ್ದು! ಯಾವಾಗ್ಲೂ ಎರಡು ಗಂಟೇಲಿ ಕಾಯೋದು ಇವತ್ತು ನಾಲ್ಕು ಗಂಟೆ ಹೊತ್ತು ಉರಿದ್ರೂ ಕಾಯ್ಲಿಲ್ಲ. ಅವನು ಹೆಗಲ ಮೇಲೆ ಟವೆಲ್ ಹಾಕ್ಕೊಂಡು ಕಿಟಕೀಲಿ ಸೌನಾ ಹೊಗೆ ನೋಡ್ತಾ ಕೂತಿದ್ದ. 'ಒಲೆಗೆ ಸೌದೆ ಹಾಕ್ತಿದೀಯೋ, ಬೆಂಕಿಕಡ್ಡಿನೋ?' ಅಂದ. ನಕ್ಕೆ ಕಣೇ. ನಕ್ಕೊಂಡೇ ಹೋಗಿ ಇನ್ನೊಂದು ಸೌದೆ ಇಟ್ಟು ಬಂದೆ. ಅಷ್ಟರಲ್ಲಿ...

...

ಸರಿಯಾಗೇ ಮಾಡ್ದೆ ಅನ್ಬೇಡ. ನೀನು ಹೇಳಿದ್ದೂ ಸರಿ, ನಾನು ಮಾಡಿದ್ದೂ ಸರಿ. ಅವನಿಗೇನು ಸಿಕ್ತು? ಹೇಳು, ಅವನಿಗೇನು ಸಿಕ್ತು?

...

ಅಳ್ಬೇಡ... ನಿನ್ನನ್ನ ಬೈತಿಲ್ಲ ನಾನು, ಸಿರ್ಕಾ. ಬೀಗ ಹಾಕಿದ್ದು ನನ್ನ ಕೈ ಅಲ್ವಾ.

...

ಸೌನಾ ಈಗ ಕಾದಿದೆ. ನೀರೂ ಹದವಾಗಿದೆ. ನಿಮ್ಮಮ್ಮ ಹೋದಾಗ ನಾವಿಬ್ರೇ ಅಲ್ವಾ ಅಲ್ಲಿ ಮಲಗಿಸಿ ಮೈ ತೊಳೆದಿದ್ದು?... ಗೊತ್ತು. ನರ್ಸ್ ಬಂದು ನೋಡೋವರೆಗೂ ಮುಟ್ಟಲ್ಲ. ಆಮೇಲೆ ನಾನೇ... ಇಲ್ಲ, ಒಬ್ಬಳಿಗೆ ಎತ್ತೋಕಾಗಲ್ಲ. ಬರ್ತೀಯಾ?... ಎರಡು ಗಂಟೆ ಬೇಕಾ? ಬಾ. ಅಲ್ಲೀವರೆಗೂ ಬೆಂಕಿ ಆರೋಕೆ ಬಿಡಲ್ಲ. ದೊಡ್ಡ ದೊಡ್ಡ ಸೌದೆ ಇಡ್ತೀನಿ. ಇನ್ನು ಎಷ್ಟು ಬಿಸಿ ಆದ್ರೂ ಅವನಿಗೇನೂ ಆಗಲ್ಲ, ಅಲ್ವಾ?... ಅಲ್ವಾ, ಸಿರ್ಕಾ?... ಹಲೋ?... ಹಲೋ?...