ಪಾಲಬಾವಿಯ ಹೊಟ್ಟಿನ ಬಣವಿಗೆ ಬೆಂಕಿ ಹಚ್ಚಿದವರು ಯಾರೂ ಇಲ್ಲವೆಂಬ ಬಗ್ಗೆ

ನನ್ನ ಹೆಸರು ರಾಜಮತಿ ಕೋಂ ಬಾಹುಬಲಿ ಮಗದುಮ್ಮ, ವಯಸ್ಸು 49 ವರ್ಷ, ಉದ್ಯೋಗ ಬೆಂಕಿ ಅವಘಡಗಳ ತನಿಖೆ ಕಲಿಸುವುದು, ಸಾಕಿನ್ ಉಗಾರ ಖುರ್ದ, ತಾಲೂಕು ಕಾಗವಾಡ, ಜಿಲ್ಲೆ ಬೆಳಗಾವಿ. ಈ ದಿನ ಬೆಳಿಗ್ಗೆ 9 ಗಂಟೆಗೆ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನಾನು ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ಸ್ವಯಂ ನಿವೃತ್ತಿ ಪಡೆದಿದ್ದು, ಈಗ ಪೊಲೀಸರಿಗೂ ಅಗ್ನಿಶಾಮಕ ಸಿಬ್ಬಂದಿಗೂ ತರಬೇತಿ ಕೊಡುತ್ತಿದ್ದೇನೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಸಿಬ್ಬಂದಿಗೆ ಚಿಕ್ಕೋಡಿಯ ಒಂದು ಮಂಗಲ ಕಾರ್ಯಾಲಯದಲ್ಲಿ ಕಳೆದ ಶನಿವಾರದಿಂದ ಆರು ದಿನಗಳ ಶಿಬಿರ ನಡೆಯುತ್ತಿದೆ. ಹಿಂದಿನ ಬಯಲಿನಲ್ಲಿ ತಗಡು ಮತ್ತು ಪ್ಲೈವುಡ್ಡಿನ ಕೋಣೆ ಕಟ್ಟಿ, ಒಳಗೆ ಹಳೆಯ ಗಾದಿ, ಕುರ್ಚಿ ಇಟ್ಟು, ನಾನೇ ಬೆಂಕಿ ಹಚ್ಚಿ ಆರಿಸುತ್ತೇನೆ. ಆಮೇಲೆ ಶಿಬಿರಾರ್ಥಿಗಳು ಒಳಗೆ ಹೋಗಿ ಸುಟ್ಟ ಗುರುತು ನೋಡಿ, ಬೆಂಕಿ ಎಲ್ಲಿಂದ ಶುರುವಾಯಿತೆಂದು ಹೇಳಬೇಕು. ಮೊದಲ ದಿನ ಬಂದ ಉತ್ತರಗಳಲ್ಲಿ ಎಲ್ಲಿಂದ ಎಂಬುದು ಒಂದರಲ್ಲೂ ಇರಲಿಲ್ಲ, ಎಲ್ಲರೂ ಯಾರು ಎಂಬುದನ್ನೇ ಬರೆದಿದ್ದರು. ಒಬ್ಬರಂತೂ ಗಾದಿಯ ಮಾಲೀಕರ ಮೇಲೆ ಬಲವಾದ ಸಂಶಯವಿದೆ ಎಂದು ಬರೆದುಕೊಟ್ಟರು. ಗಾದಿ ನಮ್ಮ ಮನೆಯದು. "ಯಾರು ಅನ್ನೂದು ಕಡೀ ಪ್ರಶ್ನಿ ಐತ್ರಿ. ಅದನ್ನ ಮನ್ಯಾಗ ಇಟ್ಟ ಬರ್ರಿ. ಮೊದಲ ಎಲ್ಲಿ ಹತ್ತೇತಿ ಅಷ್ಟ ಹೇಳ್ರಿ" ಎಂದು ನಾನು ಎಲ್ಲರನ್ನೂ ಗದರಿದ್ದು ನಿಜ.

ದಿನಾಂಕ 11-11-2024ರ ಸೋಮವಾರ ಬೆಳಿಗ್ಗೆ 11-30ರ ಸುಮಾರಿಗೆ ಚಹಾ ಕುಡಿಯುವಾಗ, ಶಿಬಿರಾರ್ಥಿಯಾದ ಈ ಠಾಣೆಯ ಹವಾಲ್ದಾರ್ ಭೀಮಸಿ ಅವರು ಆಗಷ್ಟೇ ಬಂದ ಫೋನು ಮುಗಿಸಿ, ತಮ್ಮ ಠಾಣೆಯಲ್ಲಿ ಒಂದು ಬೆಂಕಿ ಪ್ರಕರಣ ಒಂದೇ ದಿನದಲ್ಲಿ ಬಗೆಹರಿದಿದೆ ಎಂದು ಬಹಳ ಖುಷಿಯಿಂದ ಹೇಳಿದರು. ಸದರಿಯವರೇ ಈಗ ಈ ಹೇಳಿಕೆಯನ್ನು ಬರೆದುಕೊಳ್ಳುತ್ತಿದ್ದಾರೆ. ಮುಂದಿನ ಮಾತುಗಳನ್ನು ಬಿಡೋಣವೇ ಎಂದು ಕೇಳಿದರು, ಬಿಡಬಾರದೆಂದು ನಾನು ಹೇಳಿದ್ದರಿಂದ ಬರೆದುಕೊಂಡಿರುತ್ತಾರೆ. ಅವರು ಹೇಳಿದ್ದೇನೆಂದರೆ, ಪಾಲಬಾವಿಯ ರೈತ ಲಗಮಣ್ಣ ಎಂಬುವರ ಶೇಂಗಾ ಹೊಟ್ಟಿನ ಬಣವಿ ಭಾನುವಾರ ಸಂಜೆ 6-30ಕ್ಕೆ ಸುಟ್ಟು ಬೂದಿಯಾಗಿದೆ. ಹಚ್ಚಿದವನು ಅವರ ತೀರಿಕೊಂಡ ಅಣ್ಣನ ಮಗ ಮಲ್ಲೇಶ, ವಯಸ್ಸು 24. ಎರಡೂ ಮನೆಗಳಿಗೆ ಬಾವಿಯ ನೀರಿನ ಪಾಳಿಯ ವಿಷಯದಲ್ಲಿ ಮಾತು ನಿಂತಿದೆ. ಭಾನುವಾರ ಬೆಳಿಗ್ಗೆ ಆ ಹುಡುಗ ಬಣವಿಯೊಳಗೆ ಹೆಗಲಿನವರೆಗೆ ಕೈ ಹಾಕಿ ನಿಂತಿದ್ದನ್ನು ಲಗಮಣ್ಣ ಅವರ ಹೆಂಡತಿ ಅಕ್ಕವ್ವ ಕಣ್ಣಾರೆ ಕಂಡಿದ್ದಾರೆ. "ಆರೋಪಿ ಸಿಕ್ಕಾನ್ರಿ ಮೇಡಂ, ಕೈಸುದ್ದಾ ಸುಟ್ಟಕೊಂಡಾನ. ಕೇಳಿದ್ರ ಬಾಯಿ ಬಿಡವಲ್ಲ, ಕೈ ಹಿಂದ ಮುಚ್ಚಿಕೊಂತಾನ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡಕೊಂಡ್ನಂತ, ಹಂಗಾತು" ಎಂದರು.

ಸುಟ್ಟ ಕೈಯ ಮೇಲಿನ ಕೂದಲು ಹೇಗಿದೆ ಎಂದು ನಾನು ಕೇಳಿದೆನು. ಅದನ್ನು ಯಾರೂ ನೋಡಿರಲಿಲ್ಲ. ಭೀಮಸಿ ಅವರು ಠಾಣೆಗೆ ವಿಡಿಯೊ ಕರೆ ಮಾಡಿ ಹುಡುಗನ ಕೈ ತೋರಿಸಿದರು. ಬೆರಳಿನಿಂದ ಮೊಣಕೈಯವರೆಗೆ ಚರ್ಮ ಕೆಂಪಾಗಿ ಅಲ್ಲಲ್ಲಿ ಬೊಬ್ಬೆ ಎದ್ದಿತ್ತು, ಆದರೆ ಕೂದಲು ಒಂದೂ ಸುಟ್ಟಿರಲಿಲ್ಲ. ಉರಿಗೆ ಕೈ ಒಡ್ಡಿದರೆ ಮೊದಲು ಹೋಗುವುದೇ ಕೂದಲು. ಅದನ್ನು ಹಾಗೆಯೇ ಬಿಟ್ಟು ಚರ್ಮವನ್ನು ಮಾತ್ರ ಬೇಯಿಸುವುದು ಹಬೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದು ಸುಟ್ಟುಕೊಂಡ ಯಾವ ಹೆಂಗಸಿಗೂ ಇದು ಗೊತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಪೊಲೀಸರಿಗೂ ಅನ್ವಯಿಸುತ್ತದೆ ಎಂದು ಹೇಳಿ, ಮಧ್ಯಾಹ್ನದ ಪಾಠವನ್ನು ರದ್ದು ಮಾಡಿ, ಪಾಲಬಾವಿಗೆ ಹೊರಡಲು ತಿಳಿಸಿದೆನು. ಆ ಹುಡುಗ ಸಾರಿಗೆ ಸಂಸ್ಥೆಯ ಚಾಲಕ ಹುದ್ದೆಗೆ ಆಯ್ಕೆಯಾಗಿ ಆದೇಶದ ದಾರಿ ಕಾಯುತ್ತಿದ್ದಾನೆ, ಕೇಸು ಬಿದ್ದರೆ ಆ ನೌಕರಿ ಹೋದಂತೆಯೇ ಎಂದು ಭೀಮಸಿ ಅವರೇ ದಾರಿಯಲ್ಲಿ ಹೇಳಿದರು. ಆಗ ಅವರ ಮುಖ ಸಣ್ಣದಾಗಿತ್ತು.

ಶಿಬಿರಾರ್ಥಿಯಾದ ಅಗ್ನಿಶಾಮಕ ಸಿಬ್ಬಂದಿ ಕೋಮಲ ಅವರು ಶಿಬಿರದ ನೀರಿನ ಗಾಡಿಯನ್ನೂ ಒಯ್ಯೋಣವೆಂದರು. ಆರಿದ ಬೂದಿಗೆ ನೀರು ಹೊಡೆಯುತ್ತೀಯಾ ಎಂದು ಕೆಲವರು ನಕ್ಕರೂ ಆಕೆ ಕೇಳದೆ ಗಾಡಿಯನ್ನು ನಮ್ಮ ಹಿಂದೆಯೇ ಹೊರಡಿಸಿದರು. ಇದನ್ನು ವಿಶೇಷವಾಗಿ ಬರೆದುಕೊಳ್ಳಬೇಕು.

ಮಧ್ಯಾಹ್ನ 2 ಗಂಟೆಗೆ ನಾವು ಪಾಲಬಾವಿ ತಲುಪಿದೆವು. ಸ್ಥಳ ಪಂಚನಾಮೆಗೆಂದು ಮಲ್ಲೇಶನನ್ನೂ ಠಾಣೆಯಿಂದ ಕರೆತಂದಿದ್ದರು. ಬಣವಿ ಇದ್ದದ್ದು ಊರ ಹೊರಗಿನ ಕಣದಲ್ಲಿ. ನಡುವಿನ ಭಾಗ ನೆಲಮುಟ್ಟ ಸುಟ್ಟಿತ್ತು. ಅಂಚಿಗೆ ಮಾತ್ರ ಸುತ್ತಲೂ ಒಂದು ಮೊಳ ಅಗಲ ಹೊಟ್ಟು ಉಳಿದಿತ್ತು. ಹೊರಗಿನಿಂದ ಕಡ್ಡಿ ಗೀರಿದರೆ ಮೊದಲು ಅಂಚು ಉರಿದು, ಒತ್ತಾಗಿ ಕೂತ ನಡುಭಾಗ ಕೊನೆಗೆ ಉಳಿಯುತ್ತದೆ. ಇಲ್ಲಿ ತಿರುವುಮುರುವು. ಉಳಿದ ಹೊಟ್ಟನ್ನು ಬಿಡಿಸಿ ನೋಡಲಾಗಿ ಒಳಗಡೆ ನಿಪ್ಪಾಣಿ ತಂಬಾಕಿನ ಬಣ್ಣಕ್ಕೆ ತಿರುಗಿತ್ತು. ನಾನು ಶಿಬಿರಾರ್ಥಿಗಳ ಮುಖ ನೋಡಿದೆನು. ಆಗ ಭೀಮಸಿ ಅವರು, "ಮೇಡಂ, ಇದು ಒಳಗಿಂದ ಹತ್ತೇತ್ರಿ" ಎಂದರು. ಮೂರು ದಿನಗಳಲ್ಲಿ ಅವರು ಎಲ್ಲಿ ಎಂಬುದನ್ನು ಹೇಳಿದ್ದು ಅದೇ ಮೊದಲು. ನನಗೆ ಬಹಳ ಸಂತೋಷವಾಯಿತು.

ಬಣವಿ ಒಟ್ಟಿದ್ದು ಯಾವಾಗ ಎಂದು ಲಗಮಣ್ಣ ಅವರನ್ನು ಕೇಳಲಾಗಿ, 25 ದಿನಗಳ ಹಿಂದೆ ಎಂದು ತಿಳಿಸಿದರು. ಅದರ ಹಿಂದಿನ ದಿನ ಮಳೆಯಾಗಿ ಹೊಟ್ಟು ತೊಯ್ದಿತ್ತು. ಹಾಗಿದ್ದರೆ ಒಣಗುವವರೆಗೆ ಏಕೆ ತಡೆಯಲಿಲ್ಲ ಎಂದು ಕೇಳಿದ್ದಕ್ಕೆ, ಅಂದು ತಮ್ಮ ಮುಯ್ಯಾಳಿನ ಪಾಳಿ ಇತ್ತೆಂದರು. ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು ಎಂದು ಹನ್ನೊಂದು ಮನೆಯವರು ಒಬ್ಬರಿಗೊಬ್ಬರು ದುಡಿಯುವ ಪದ್ಧತಿ ಅದು. ಪಾಳಿ ತಪ್ಪಿದರೆ ಎಲ್ಲರದೂ ಮುಗಿಯುವವರೆಗೆ ಕಾಯಬೇಕು. "ಬಂದ ಮಂದೀನ ಹೊಳ್ಳಿ ಹೋಗ್ರಿ ಅನ್ನಾಕ ಬರತೈತೇನ್ರಿ? ಮ್ಯಾಲ ಬಿಸಲಿಗೆ ಒಣಗಿತ್ತು, ಒಳಗಿಂದು ತಾನ ಒಣಗತೈತಿ ಅಂದ್ಕೊಂಡ್ವಿ" ಎಂದರು. ಹಸಿ ಹೊಟ್ಟು ಒತ್ತಾಗಿ ಕೂತರೆ ಒಣಗುವುದಿಲ್ಲ, ಕೊಳೆಯುತ್ತ ಕಾವು ಏರಿಸಿಕೊಳ್ಳುತ್ತದೆ, ಕಡೆಗೆ ಗಾಳಿ ಸಿಕ್ಕ ಗಳಿಗೆಯಲ್ಲಿ ತಾನೇ ಹೊತ್ತಿಕೊಳ್ಳುತ್ತದೆ ಎಂದು ನಾನು ವಿವರಿಸಿದೆನು. ಲಗಮಣ್ಣ ಅವರು ನಂಬಲಿಲ್ಲ. ಕಡ್ಡಿ ಇಲ್ಲದೆ ಬೆಂಕಿ ಹತ್ತುವುದಾದರೆ ತಮ್ಮ ಮನೆಯಲ್ಲಿ ಒಲೆ ಹಚ್ಚಲು ಇಷ್ಟು ಕಷ್ಟವೇಕೆ ಎಂದು ಕೇಳಿದರು. ನೆರೆದವರು ನಕ್ಕರು. ಅಕ್ಕವ್ವ ಅವರು, ಮೇಡಮ್ಮನವರು ಆ ಹುಡುಗನ ಕಡೆಯವರೇ ಇರಬೇಕೆಂದರು.

ಅಂದು ಒಟ್ಟಿದ್ದು ಇದೊಂದೇ ಬಣವಿಯೇ ಎಂದು ನಾನು ಕೇಳಿದೆನು. ಇನ್ನೊಂದು ಮನೆಯ ಹಿಂದೆ ಇದೆ ಎಂದು ಅಕ್ಕವ್ವ ಹೇಳಿದ ಕೂಡಲೇ ನೀರಿನ ಗಾಡಿಯನ್ನು ಅಲ್ಲಿಗೆ ತಿರುಗಿಸಲು ಹೇಳಿದೆನು. ಎಲ್ಲರೂ ಅಲ್ಲಿಗೆ ಧಾವಿಸಿದೆವು. ಬಣವಿಯಿಂದ ದನದ ಕೊಟ್ಟಿಗೆಗೆ ಆರು ಅಡಿ, ಕೊಟ್ಟಿಗೆಯ ಗೋಡೆಗೆ ಹತ್ತಿದಂತೆ ಮನೆ. ಉದ್ದ ಸಲಾಕೆಯ ಥರ್ಮಾಮೀಟರನ್ನು ನಾಲ್ಕು ಅಡಿ ಒಳಗೆ ಚುಚ್ಚಿದಾಗ 84 ಡಿಗ್ರಿ ಸೆಲ್ಸಿಯಸ್ ತೋರಿಸಿತು, 70 ದಾಟಿದರೆ ಅಪಾಯ. ನಾನು ದನ ಬಿಚ್ಚಲು ಹೇಳಿದೆನು. ಲಗಮಣ್ಣ ಅವರು ಅಲುಗದೆ ನಿಂತಿದ್ದರು. ಆಗ ಮಲ್ಲೇಶನು ಯಾರನ್ನೂ ಕೇಳದೆ ಕೊಟ್ಟಿಗೆಗೆ ನುಗ್ಗಿ ಎರಡು ಎಮ್ಮೆ, ಒಂದು ಜೋಡಿ ಖಿಲಾರಿ ಎತ್ತುಗಳನ್ನು ಬಿಚ್ಚಿ ಹೊರಗೆ ಅಟ್ಟಿದನು. ಅವನ ಕಾವಲಿಗಿದ್ದ ಪೇದೆ ತಡೆಯಲು ಹೋಗಿ ಎಮ್ಮೆಗೆ ಅಡ್ಡ ಸಿಕ್ಕು ಬಿದ್ದರು. ಪೆಟ್ಟಾಗಿಲ್ಲ.

ಕೋಮಲ ಅವರು ಪೈಪು ಹಿಡಿದು ನಿಂತರು. ಉಳಿದ ಶಿಬಿರಾರ್ಥಿಗಳು ನಾನು ಹೇಳಿದಂತೆ ಒಮ್ಮೆಲೇ ಬಗೆಯದೆ ಮೇಲಿನಿಂದ ಪದರು ಪದರಾಗಿ ಹೊಟ್ಟನ್ನು ಎಳೆದು ದೂರಕ್ಕೆ ಎಸೆದರು. ಮೂರು ಅಡಿ ಇಳಿದಾಗ ಬಿಳಿ ಹಬೆ ಎದ್ದಿತು, ಜೊತೆಗೆ ಗಾಣದ ಮನೆಯಲ್ಲಿ ಬೆಲ್ಲ ಕುದಿಯುವಾಗಿನ ವಾಸನೆ ಬಂದಿತು. ಇನ್ನೊಂದು ಅಡಿಗೆ ಕಪ್ಪಾದ ಹೊಟ್ಟು ಗಾಳಿಗೆ ಸಿಕ್ಕು ಕೆಂಪಗೆ ಕೆಂಡವಾಯಿತು. ಹತ್ತಿರ ಕಡ್ಡಿಪೆಟ್ಟಿಗೆಯಾಗಲಿ ಬೀಡಿಯಾಗಲಿ ಇರಲಿಲ್ಲ. ಕೋಮಲ ಅವರು ನೀರು ಹಾಯಿಸಿ ಅಲ್ಲಿಯೇ ಆರಿಸಿದರು. ಊರಿನವರಲ್ಲಿ ಯಾರೂ ಆಗ ನಗಲಿಲ್ಲ.

ಮಲ್ಲೇಶನು ಆ ವಾಸನೆ ಬಂದ ಕೂಡಲೇ ನೆಲಕ್ಕೆ ಕೂತುಬಿಟ್ಟನು. ಭಾನುವಾರ ಇದೇ ವಾಸನೆ ಬಂದಿತ್ತೇ ಎಂದು ಕೇಳಿದೆನು, ಹೌದೆಂದನು. ಕೈ ಏಕೆ ಹಾಕಿದೆ ಎಂದರೆ ಮತ್ತೆ ಕೈಯನ್ನು ಹಿಂದೆ ಮುಚ್ಚಿಕೊಂಡನು. ನೀರಿನ ಗಾಡಿಯ ಮರೆಗೆ ಕರೆದೊಯ್ದು, ನೌಕರಿ ಹೋಗುತ್ತದೆ ತಮ್ಮಾ, ಹೇಳು ಎಂದಾಗ ಅಳುತ್ತ ಹೇಳಿದನು. ಅವನ ಕಾಕಾ, ಅಂದರೆ ಲಗಮಣ್ಣ ಅವರು, ಕುಡಿಯುವುದನ್ನು ಬಿಡುತ್ತೇನೆಂದು ಎರಡು ವರ್ಷದ ಹಿಂದೆ ಮಂಗಸೂಳಿ ಮಲ್ಲಯ್ಯನ ಭಂಡಾರದ ಅರಿಶಿನ ಮುಟ್ಟಿ ಆಣೆ ಮಾಡಿದ್ದರಂತೆ. ಕಣದ ಹಾದಿಯಲ್ಲಿ ಸಾರಾಯಿಗೆ ಹಾಕುವ ಬೆಲ್ಲದ ಕೊಳೆಯಂಥ ವಾಸನೆ ಮೂಗಿಗೆ ಬಡಿದಾಗ, ಕಾಕಾ ಬಣವಿಯಲ್ಲಿ ಕಳ್ಳಭಟ್ಟಿಯ ಕ್ಯಾನು ಅಡಗಿಸಿಟ್ಟಿದ್ದಾರೆಂದು ಅವನು ತಿಳಿದನು. ಯಾರಾದರೂ ನೋಡುವ ಮೊದಲು ತೆಗೆದು ಚೆಲ್ಲಿಬಿಡೋಣವೆಂದು ಕೈ ಹಾಕಿದ್ದಾಗಿ, ಒಳಗೆ ಕುದಿ ನೀರು ಮುಟ್ಟಿದಂತಾಗಿ ಎಳೆದುಕೊಂಡಿದ್ದಾಗಿ ತಿಳಿಸಿದನು. "ಪೊಲೀಸರ ಮುಂದ ಹಿಂಗಂದ್ರ ಕಾಕಾನ ಮಾನ ಹೋಗತಿತ್ರಿ. ಅವ್ರು ಭಂಡಾರ ಮುಟ್ಟಿದ್ದು ಸುಳ್ಳ ಆಗತಿತ್ತು. ನಂದೇನ್ರಿ, ನೌಕರಿ ಇನ್ನೊಂದ ಸಿಗತೈತಿ" ಎಂದನು. ಇಷ್ಟು ವರ್ಷ ಸುಟ್ಟ ಮನೆಗಳ ಮುಂದೆ ನಿಂತು ಎಷ್ಟೋ ಸುಳ್ಳು ಕೇಳಿದ್ದೇನೆ. ಮಾತೇ ಬಿಟ್ಟವರ ಮಾನಕ್ಕಾಗಿ ಲಾಕಪ್ಪಿಗೆ ಬಂದು ಕೂತ ಹುಡುಗನನ್ನು ಕಂಡಿರಲಿಲ್ಲ. ನನಗೆ ಕಣ್ಣು ತುಂಬಿ ಬಂದವು, ಇದನ್ನೂ ಬರೆದುಕೊಳ್ಳಿರಿ.

ಅವನ ಒಪ್ಪಿಗೆ ಪಡೆದು ಈ ಸಂಗತಿಯನ್ನು ನಾನೇ ಲಗಮಣ್ಣ ಅವರಿಗೆ ತಿಳಿಸಿದೆನು. ಅವರು ಹುಡುಗನ ಹತ್ತಿರ ಬಂದು, "ಲೇ ಮಲ್ಯಾ, ಅವತ್ತಿಂದ ಒಂದ ಹನಿ ಮುಟ್ಟಿಲ್ಲಲೇ ನಾ. ವಾಸನಿ ಬಂದ್ರ ಬಂದ ನನ್ನ ಕೇಳಬಾರ್ದೇನೋ?" ಎಂದರು. ಅವನು, "ಮಾತ ಬಿಟ್ಟೀರಲ್ರಿ ಕಾಕಾ, ಹೆಂಗ ಕೇಳ್ಲಿ?" ಎಂದನು. ಅಕ್ಕವ್ವ ಒಳಗೆ ಹೋಗಿ ಲೋಳಸರ ತಂದು ಹುಡುಗನ ಕೈಗೆ ಹಚ್ಚುತ್ತ, ಹಚ್ಚುವಷ್ಟು ಹೊತ್ತೂ ಅವನನ್ನು ಬೈಯುತ್ತಿದ್ದರು.

ಮಲ್ಲೇಶನು ಕೈ ಹಾಕಿ ತೆಗೆದ ಕಂಡಿಯಿಂದ ಗಾಳಿ ಒಳಗೆ ಹೋಗಿ ಬೆಂಕಿ ಕೆಲವು ಗಂಟೆ ಮುಂಚೆ ಹತ್ತಿರಬಹುದು. ತಜ್ಞಳಾಗಿ ಇದನ್ನು ಮುಚ್ಚಿಡಲಾರೆ. ಆದರೆ ಹತ್ತುವುದಂತೂ ತಪ್ಪುತ್ತಿರಲಿಲ್ಲ. ಕೇಸು ಹಾಗಾದರೆ ಯಾರ ಮೇಲೆ ಹಾಕುವುದು ಎಂದು ಭೀಮಸಿ ಅವರು ಕೇಳಿದಾಗ, ಮಳೆಯ ಮೇಲೆ ಹಾಕಿ, ಸಿಕ್ಕರೆ ಹಿಡಿದು ತನ್ನಿ ಎಂದು ಹೇಳಿರುತ್ತೇನೆ. ಎರಡೂ ಬಣವಿಗಳ ಹೊಟ್ಟಿನ ಮಾದರಿ ಮತ್ತು ಫೋಟೊಗಳನ್ನು ಮೊಹರು ಮಾಡಿ ಹಾಜರುಪಡಿಸಿದ್ದೇನೆ. ಅದೇ ಮಳೆಯ ಮರುದಿನ ಮುಯ್ಯಾಳಿನಲ್ಲಿ ಬಣವಿ ಒಟ್ಟಿದವರು ಬೇರೆ ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಲು ಶಿಬಿರಾರ್ಥಿಗಳನ್ನು ಇಂದು ಬೆಳಿಗ್ಗೆ ಮುಗಳಖೋಡದ ಕಡೆಗೂ ಕಳಿಸಿದ್ದೇನೆ. ಉಳಿದ ಪಾಠ ಅಲ್ಲಿಯೇ ಆಗಲಿ.

ಮಲ್ಲೇಶನನ್ನು ಠಾಣೆಗೆ ಕರೆತಂದದ್ದು ನಿನ್ನೆ 11 ಗಂಟೆಗೆ, ಈಗ ಸಮಯ 10-20. ನನ್ನ ಹೇಳಿಕೆ ಕಾಗದಕ್ಕೆ ಬಾರದೆ ಬಿಡಲು ಬರುವುದಿಲ್ಲವೆಂದು ರಾತ್ರಿಯೂ ಇಲ್ಲಿಯೇ ಕೂರಿಸಿದ್ದಾರೆ, 24 ಗಂಟೆ ಮೀರಿ ಇಟ್ಟುಕೊಳ್ಳುವಂತಿಲ್ಲ. ಫಿರ್ಯಾದಿ ಲಗಮಣ್ಣ ಅವರು ನಸುಕಿನಿಂದಲೇ ಹೊರಗಿನ ಕಟ್ಟೆಯ ಮೇಲೆ ಬುತ್ತಿ ಕಟ್ಟಿಕೊಂಡು ಕೂತಿದ್ದಾರೆ. ಚಹಾ ಕೊಟ್ಟರೆ, ಹುಡುಗ ಕುಡಿದನೇ ಎಂದು ಕೇಳಿ ಕಪ್ಪನ್ನು ಒಳಗೆ ಕಳಿಸಿದರು. ಈಗಷ್ಟೇ ಕಿಟಕಿಯಲ್ಲಿ ಇಣುಕಿ, "ಬಾಯಾರ, ಇನ್ನೂ ಎಷ್ಟ ಬರೀತೀರಿ? ನಮ್ಮ ಹುಡುಗ ನಿನ್ನಿಂದ ಹಸದಾನ್ರಿ" ಎಂದಿದ್ದಾರೆ. ನಮ್ಮ ಹುಡುಗ ಎಂಬ ಶಬ್ದವನ್ನು ಅವರು ಹೇಳಿದಂತೆಯೇ ಬರೆದುಕೊಳ್ಳಲು ಹವಾಲ್ದಾರರಿಗೆ ತಿಳಿಸಿದ್ದೇನೆ. ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ನನ್ನಲ್ಲಿಲ್ಲ.

ಕಂಡದ್ದನ್ನು ಕಂಡಂತೆ, ಕೇಳಿದ್ದನ್ನು ಕೇಳಿದಂತೆ ಹೇಳಿ ಬರೆಯಿಸಿದ್ದೇನೆ. ಓದಿಸಿ ಕೇಳಿದೆ, ಎಲ್ಲವೂ ಸತ್ಯವಿದೆ. ಸಹಿ ಒಣಗುವವರೆಗೆ ಕಾಯದೆ ಹುಡುಗನನ್ನು ಅವನ ಕಾಕಾನ ಜೊತೆ ಊಟಕ್ಕೆ ಕಳಿಸಿಕೊಡಬೇಕಾಗಿ ವಿನಂತಿ.

ಸ್ಥಳ: ಪೊಲೀಸ್ ಠಾಣೆಯ ಬರವಣಿಗೆ ಕೋಣೆ
ದಿನಾಂಕ: 12-11-2024, ಮಂಗಳವಾರ

(ಸಹಿ) ರಾಜಮತಿ ಬಾ. ಮಗದುಮ್ಮ

ನನ್ನ ಸಮಕ್ಷಮ ಬರೆದುಕೊಂಡಿದ್ದು, 10-25ಕ್ಕೆ ಹುಡುಗನನ್ನು ಊಟಕ್ಕೆ ಕಳಿಸಿಕೊಡಲಾಗಿದೆ.
(ಸಹಿ) ಭೀಮಸಿ, ಹವಾಲ್ದಾರ್